ಒಂದು ಚುಕ್ಕೆ ಕಡಿಮೆ

ದುರ್ಗದಬೈಲಿನ ನಮ್ಮ ಅಂಗಡಿಯಿಂದ ಬಸ್ಸಿಗೆ ಹೋಗುವ ದಾರಿಯಲ್ಲಿ ಮೊಬೈಲ್ ರಿಪೇರಿಯ ಒಂದು ಗೂಡಂಗಡಿ ಇದೆ. ಕಳೆದ ತಿಂಗಳು ಒಂದು ಸಂಜೆ ಅದರ ಮುಂದೆ ಹಾದು ಹೋಗುವಾಗ ಬೆಸುಗೆಯ ವಾಸನೆ ಬಂತು. ಕಾದ ಕಡ್ಡಿಯನ್ನು ತಂತಿಗೆ ಮುಟ್ಟಿಸಿದಾಗ ಒಂದು ಎಳೆ ಬಿಳಿ ಹೊಗೆ ಏಳುತ್ತದಲ್ಲ, ಅದರ ವಾಸನೆ. ರಾಳ ಸುಟ್ಟಂತೆ, ಲೋಬಾನಕ್ಕೆ ದೂರದ ಸಂಬಂಧಿಯಂತೆ ಇರುತ್ತದೆ. ಪಕ್ಕದಲ್ಲಿ ಮಿರ್ಚಿ ಗಾಡಿ, ಅದರ ಎಣ್ಣೆ ಹೊಗೆ. ಅದರ ನಡುವೆಯೂ ಇದು ನನ್ನ ಮೂಗಿಗೆ ತಲುಪಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಆ ವಾಸನೆಯ ಜೊತೆಗೇ ಇಷ್ಟು ವರ್ಷ ಸಂಸಾರ ಮಾಡಿದವನ ಮೂಗು ಸ್ವಲ್ಪ ಬೇರೆ ಇರುತ್ತದೆ. ನಾನು ನಿಂತುಬಿಟ್ಟೆ.

"ಏನ್ರಿ ಕಾಕಾ, ಡಿಸ್‌ಪ್ಲೇ ಹೋತೇನು?" ಎಂದ ಅಂಗಡಿಯವನು.

"ಇಲ್ಲಪಾ, ಸುಮ್ನ ನಿಂತೇನಿ."

ಸುಮ್ಮನೆ ನಿಲ್ಲುವವರು ದುರ್ಗದಬೈಲಿನಲ್ಲಿ ಯಾರಿಗೂ ಬೇಡ. ಹಿಂದಿನಿಂದ ಸ್ಕೂಟರಿನವನು ಹಾರ್ನ್ ಹೊಡೆದ. ಮುಂದೆ ನಡೆದೆ.

ಅವತ್ತು ನನ್ನ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕ, ಒಂದು ಎಲ್‌ಇಡಿ ದೀಪ ಇತ್ತು. ಕೆಟ್ಟುಹೋದದ್ದು. ನನ್ನ ಹೆಂಡತಿ ಗಿರಿಜಾ ತನ್ನ ಕೈಯಿಂದ ಮಾಡಿದ್ದು. ಅವಳು ಹೋಗಿ ವರ್ಷ ತುಂಬಿರಲಿಲ್ಲ. ದೀಪವನ್ನು ಅವನಿಗೇ ತೋರಿಸಬಹುದಾಗಿತ್ತು. ಆದರೆ ಅವನು "ಒಗದು ಹೊಸಾದು ಹಾಕಸ್ರಿ ಕಾಕಾ" ಎನ್ನುತ್ತಾನೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ಮಗಳೂ ಅದನ್ನೇ ಅಂದಿದ್ದಳು. ಮೂರನೆಯವರ ಬಾಯಿಂದ ಕೇಳುವ ಧೈರ್ಯ ನನಗಿರಲಿಲ್ಲ.

ಗಿರಿಜಾ ತಾರಿಹಾಳದ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಬಲ್ಬು ಜೋಡಿಸುವ ಶೆಡ್ಡು. ಮೊದಲು ಬೆಸುಗೆ ಹಾಕುವ ಮೇಜಿನಲ್ಲಿದ್ದಳು, ಆಮೇಲೆ ಪರೀಕ್ಷೆ ಮಾಡುವ ಮೇಜಿಗೆ ಬಂದಳು. ಅಲ್ಲಿ ಒಂದು ದೊಡ್ಡ ಗುಂಡಿ ಇರುತ್ತದೆ, ಅದನ್ನು ತಿರುಗಿಸಿದರೆ ವೋಲ್ಟೇಜ್ ಏರುತ್ತದೆ, ಇಳಿಯುತ್ತದೆ. ಊರಿನಲ್ಲಿ ಕರೆಂಟು ಹೇಗೆಲ್ಲ ಆಟ ಆಡುತ್ತದೋ ಹಾಗೆಲ್ಲ ಆಡಿಸಿ, ಬಲ್ಬು ತಡೆಯುತ್ತದೋ ಇಲ್ಲವೋ ನೋಡಬೇಕು. ಅವಳು ಹತ್ತನೆಯ ಇಯತ್ತೆ ಪಾಸಾದವಳು. ನಾನೂ ಅಷ್ಟೇ ಓದಿದವನು. ಪರೀಕ್ಷೆಗೆ ಒಂದು ಸಲ ಹೆಚ್ಚು ಕೂತಿದ್ದೆ, ಅಷ್ಟೇ ವ್ಯತ್ಯಾಸ.

ನನ್ನದು ಸೀರೆ ಅಂಗಡಿಯ ಕೆಲಸ. ಗಾದಿಯ ಮೇಲೆ ಕೂತು ಸೀರೆ ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ಬಣ್ಣ ಅನ್ನುವುದು ಬೆಳಕಿನ ಮೇಲೆ ನಿಂತದ್ದು ಎಂದು ಈ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಹಸಿರು ಎಂದು ಮೆಚ್ಚಿದ್ದನ್ನು ಹೆಣ್ಣುಮಕ್ಕಳು ಹೊರಗೆ ಬಿಸಿಲಿಗೆ ಹಿಡಿದು, "ಇದು ನೀಲಿ ಹೊಡೀತೈತಿ ನೋಡ್ರಿ" ಎನ್ನುತ್ತಾರೆ. ನಾನು ಸೆರಗು ಹಿಡಿದು ಅವರ ಹಿಂದೆ ಬೀದಿಗೆ ಓಡಬೇಕು. ಹೀಗೆ ನಾವಿಬ್ಬರೂ ಬೆಳಕಿನ ಮೇಲೆಯೇ ಹೊಟ್ಟೆ ಹೊರೆದವರು. ಅವಳು ಹಿಂಬದಿಯಿಂದ, ನಾನು ಮುಂಬದಿಯಿಂದ.

ಬೇಸಿಗೆಯಲ್ಲಿ ಸಂಜೆಯಾದರೆ ನಮ್ಮ ಓಣಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಹಳೆಯ ಬಲ್ಬುಗಳ ಕಾಲದಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಬಲ್ಬಿನೊಳಗಿನ ತಂತಿ ಕೆಂಪಗಾಗಿ, ಮನೆ ಜ್ವರ ಬಂದವರ ಕೋಣೆಯಂತೆ ಆಗುತ್ತಿತ್ತು. ಆಗ ಮೀಟರೂ ಮೆಲ್ಲಗೆ ತಿರುಗುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ಆ ಮಾತನ್ನು ನಾನು ಹೊಲಮನೆಯ ಪಾಲಿನಂತೆ ಜೋಪಾನ ಮಾಡಿಕೊಂಡು ಬಂದಿದ್ದೆ. ಮನೆಯಲ್ಲೆಲ್ಲ ಎಲ್‌ಇಡಿ ಬಂದ ಮೇಲೂ ಒಂದು ಸಂಜೆ ಅವಳಿಗೆ ಹೇಳಿದೆ:

"ವೋಲ್ಟೇಜ್ ಬಿದ್ದೈತಿ. ಎಲ್ಲಾ ಲೈಟ್ ಹಾಕು, ಈಗ ಕರೆಂಟ್ ಕಡಿಮಿ ತಿಂತಾವು."

"ಹಳೀ ಬಲ್ಬಿಗೆ ಹೇಳ್ರಿ ಆ ಮಾತು," ಎಂದಳು. "ಅದು ಕೊಟ್ಟಷ್ಟು ಉಂಡು ಸುಮ್ನಾಕ್ಕಿತ್ತು. ಇದು ಹಂಗಲ್ಲ. ವೋಲ್ಟ್ ಕಡಿಮಿ ಕೊಟ್ರ ಕರೆಂಟ್ ಹೆಚ್ಚು ಎಳಕೊಂಡು ತನ್ನ ಹೊಟ್ಟಿ ತುಂಬಿಸ್ಕೊಂತೈತಿ."

"ಸಾವಕಾರ್ರ ಮಗಳೇನು ಅದು?"

"ಒಳಗ ಡ್ರೈವರ್ ಅಂತ ಒಂದು ಸಣ್ಣ ಸರ್ಕಿಟ್ ಇರತೈತ್ರಿ. ಅದರ ಕೆಲಸಾನ ಅದು."

ನನಗೆ ತಿಳಿಯಲಿಲ್ಲ ಎಂದು ನನ್ನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವಳು ಸ್ವಲ್ಪ ಯೋಚಿಸಿದಳು. ಬಟ್ಟೆಯ ಅಗಲಕ್ಕೆ ನಮ್ಮ ಅಂಗಡಿಯಲ್ಲಿ ಪನ್ನಾ ಎನ್ನುತ್ತೇವೆ. ರವಿಕೆಗೆ ಜಂಪರು ಎನ್ನುತ್ತೇವೆ. ಅವಳು ಕೇಳಿದ್ದು ಇದು:

"ಪನ್ನಾ ಸಣ್ಣದಿದ್ರ ಒಂದ್ ಜಂಪರಿಗೆ ಎಷ್ಟು ಬಟ್ಟಿ ಹರೀತೀರಿ?"

"ಉದ್ದ ಹೆಚ್ಚು ಹರೀಬೇಕು."

"ಯಾಕ?"

"ಯಾಕಂದ್ರ? ಜಂಪರ್ ಅಷ್ಟ ಇರತೈತಲ್ಲ. ಅಗಲ ಕಡಿಮಿ ಆದದ್ದನ್ನ ಉದ್ದದಾಗ ತುಂಬಬೇಕು."

"ಬಂತಲ್ಲ! ವೋಲ್ಟ್ ಅಂದ್ರ ಪನ್ನಾ. ಕರೆಂಟ್ ಅಂದ್ರ ಉದ್ದ. ಎರಡೂ ಗುಣಿಸಿದ್ರ ಬಟ್ಟಿ. ಅದ ವ್ಯಾಟ್. ಒಂಬತ್ತು ವ್ಯಾಟಿನ ಬಲ್ಬಿಗೆ ಒಂಬತ್ತು ವ್ಯಾಟಿನ ಜಂಪರ್ ಬೇಕ ಬೇಕು. ನೀವು ಪನ್ನಾ ಸಣ್ಣದು ಕೊಟ್ರ ಅದು ಉದ್ದ ಹೆಚ್ಚು ಎಳೀತೈತಿ. ಮೀಟರಿಗೆ ಎರಡೂ ಒಂದ."

ಅಲ್ಲಿಗೆ ನಮ್ಮಪ್ಪನ ಆಸ್ತಿ ಕರಗಿತು. ಅಗ್ಗದ ಬಲ್ಬುಗಳಲ್ಲಿ ಈ ಡ್ರೈವರ್ ಇರುವುದಿಲ್ಲ, ಅವು ವೋಲ್ಟೇಜ್ ಬಿದ್ದರೆ ಹಳೆಯ ಬಲ್ಬಿನಂತೆಯೇ ಮಂಕಾಗುತ್ತವೆ, ಆಗ ವ್ಯಾಟೂ ಕಡಿಮೆಯಾಗುತ್ತದೆ ಎಂದು ಆಮೇಲೆ ಅವಳೇ ಹೇಳಿದಳು. ಬಹುಶಃ ಮಾವನ ಮಾತು ಪೂರ್ತಿ ಸುಳ್ಳಾಗಬಾರದು ಎಂದು.

ಇಷ್ಟು ತಿಳಿದ ಮೇಲೆ ನಾನು ಶಾಣ್ಯಾ ಆದೆ ಎಂದು ನೀವು ಅಂದುಕೊಂಡರೆ ಅದು ತಪ್ಪು. ಒಂದು ಲಗ್ನದ ಸೀಸನ್ನಿನಲ್ಲಿ ಎದುರಿನ ಅಂಗಡಿಯವರು ತಮ್ಮ ಗಾಜಿನ ಕಪಾಟಿಗೆ ದೀಪದ ಪಟ್ಟಿ ಹಚ್ಚಿಸಿದರು. ನಮ್ಮ ಸಾವಕಾರರೂ ಒಂದು ಸುರುಳಿ ಪಟ್ಟಿ ತಂದು ನನ್ನ ಕೈಗೆ ಕೊಟ್ಟು, "ನಿಮ್ಮ ಮನ್ಯಾಗ ಇಂಜಿನಿಯರ್ ಅದಾರಲ್ರಿ, ನೀವ ಹಚ್ರಿ" ಎಂದರು. ಪಟ್ಟಿಯ ಮೇಲೆ ಹನ್ನೆರಡು ವೋಲ್ಟ್ ಎಂದು ಬರೆದಿತ್ತು. ಸಿಕ್ಕ ಅಡಾಪ್ಟರ್ ಹಳೆಯ ಲ್ಯಾಪ್‌ಟಾಪಿನದು, ಹತ್ತೊಂಬತ್ತು. ಏಳು ವೋಲ್ಟು ಹೆಚ್ಚು, ಅಷ್ಟೇ ತಾನೆ, ಬೆಳಕೂ ಅಷ್ಟು ಹೆಚ್ಚು ಬರುತ್ತದೆ ಎಂದು ಹಚ್ಚಿದೆ. ಏನು ಬೆಳಕು! ಎದುರಿನ ಅಂಗಡಿಯವರು ಬಾಗಿಲಿಗೆ ಬಂದು ನೋಡಿದರು. ಸಾವಕಾರರು ಚಹಾ ತರಿಸಿದರು. ಚಹಾ ಬರುವುದರೊಳಗೆ ಪಟ್ಟಿಯ ಹಿಂದಿನ ಅಂಟು ಕರಗಿ, ಅದು ಜೋತುಬಿದ್ದು, ಕೆಳಗಿದ್ದ ಇಳಕಲ್ ಸೀರೆಯ ಮೇಲೆ ಮಲಗಿತು.

ಗಿರಿಜಾ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. "ಏಳ ವೋಲ್ಟ್ ಅಂತ! ರೀ, ಎಲ್‌ಇಡಿ ಹಂಗಲ್ಲ. ವೋಲ್ಟ್ ಒಂದ್ ಸ್ವಲ್ಪ ಏರಿಸಿದ್ರ ಕರೆಂಟ್ ಓಡಿ ಹೋಗತೈತಿ. ನೀವು ಕೊಟ್ಟ ಏಳ ವೋಲ್ಟಿಗೆ ಕರೆಂಟ್ ಮೂರು ಪಟ್ಟು ಮ್ಯಾಲ ಹೋಗಿರಬೇಕು. ಪನ್ನಾನೂ ಹೆಚ್ಚು, ಉದ್ದನೂ ಹೆಚ್ಚು. ಗುಣಿಸ್ರಿ ಈಗ." ಗುಣಿಸಿದರೆ ಸುಮಾರು ಐದು ಪಟ್ಟು ವ್ಯಾಟು. ಅಷ್ಟನ್ನೂ ಬೆಳಕಾಗಿ ಕೊಡುವ ಶಕ್ತಿ ಅದಕ್ಕಿಲ್ಲ, ಉಷ್ಣವಾಗಿ ಬಿಡುತ್ತದೆ, ಸಾಯುತ್ತದೆ. ಕಂದಿದ ಕಲೆಯ ಆ ಸೀರೆಯನ್ನು ಯಾರೂ ಕೊಳ್ಳಲಾರರು ಎಂದು ಸಾವಕಾರರು ನನಗೇ ಕೊಟ್ಟರು. ಅವಳು ಕಲೆಯನ್ನು ನಿರಿಗೆಯ ಒಳಗೆ ಮಡಿಸಿ ಉಟ್ಟುಕೊಂಡು ಶೆಡ್ಡಿಗೆ ಹೋಗುತ್ತಿದ್ದಳು. "ನಮ್ಮ ಮನಿಯವ್ರು ಆರಿಸಿ ತಂದದ್ದು" ಎಂದು ಗೆಳತಿಯರಿಗೆ ಹೇಳುತ್ತಿದ್ದಳಂತೆ.

ಆ ಸಂಗತಿ ಆದ ಮೇಲೆಯೇ ಅವಳು ನಮ್ಮ ಅಡಿಗೆಮನೆಗೆ ದೀಪ ಮಾಡಿದ್ದು. ಊಟವೂ ಅಲ್ಲೇ, ಮಗಳ ಓದೂ ಅಲ್ಲೇ. ಶೆಡ್ಡಿನ ಮಾಲೀಕರನ್ನು ಕೇಳಿ ಬಿಡಿ ಸಾಮಾನು ತಂದಳು: ದುಂಡನೆಯ ಒಂದು ತಗಡು, ಅದರ ಮೇಲೆ ಅಕ್ಕಿ ಕಾಳಿನಷ್ಟು ದೊಡ್ಡ ಇಪ್ಪತ್ತನಾಲ್ಕು ಬೆಳಕಿನ ಚುಕ್ಕೆ, ಒಂದು ಡ್ರೈವರ್. ಪ್ರತಿ ಚುಕ್ಕೆಗೂ ಮೂರು ವೋಲ್ಟು ಬೇಕು. ಎಲ್ಲವೂ ಒಂದೇ ಸಾಲು, ಒಂದರ ಕೈ ಒಂದು ಹಿಡಿದಂತೆ. ಆದರೆ ಚುಕ್ಕೆಗಳು ತಡೆಯುವ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಕೊಡುವ ಡ್ರೈವರನ್ನು ಬೇಕೆಂದೇ ಆರಿಸಿದ್ದಳು. ಕರೆಂಟು ಎಷ್ಟು ಕಡಿಮೆಯಾಗುತ್ತದೋ ಬೆಳಕು ಅಷ್ಟು ಕಡಿಮೆಯಾಗುವುದಿಲ್ಲ, ಉಷ್ಣ ಮಾತ್ರ ಬಹಳ ಇಳಿಯುತ್ತದೆ, ದೀಪ ಹೆಚ್ಚು ಬಾಳುತ್ತದೆ ಎಂದು ಅವಳ ಲೆಕ್ಕ.

ಅಂಗಡಿಯ ಬೆಳಕಿನಲ್ಲಿ ದಿನ ಕಳೆದು ಬಂದವನಿಗೆ ಅದು ಸಾಲದೆನಿಸಿತು. "ಸ್ವಲ್ಪ ಮಂದ ಆತಲ್ಲ" ಎಂದೆ.

"ರೊಟ್ಟಿ ಕಾಣತೈತಿಲ್ಲ? ಪಲ್ಯಾ ಕಾಣತೈತಿಲ್ಲ? ನನ್ನ ಮಾರಿ ಕಾಣತೈತಿಲ್ಲ?" ಎಂದಳು. "ಇನ್ನೇನ್ ನೋಡಬೇಕಾಗೇತಿ ನಿಮಗ?"

ಕಳೆದ ಶ್ರಾವಣಕ್ಕೆ ಮುಂಚೆ ಅವಳು ಹೋದಳು. ಮಧ್ಯಾಹ್ನ ಶೆಡ್ಡಿನಲ್ಲಿ ಎದೆ ನೋಯುತ್ತದೆ ಎಂದಳಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯಲು ನನ್ನಲ್ಲಿ ಏನೂ ಇಲ್ಲ.

ಆಮೇಲೆ ಮನೆಯಲ್ಲಿ ಉಳಿದವರು ನಾನು, ಮಗಳು ಸುಮಾ. ಅವಳು ಧಾರವಾಡದ ಒಂದು ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವ್ವ ಮಾಡುತ್ತಿದ್ದ ಒಂದು ಕೆಲಸವೂ ನಿಲ್ಲಬಾರದು ಎಂದು ನಾವಿಬ್ಬರೂ, ಒಬ್ಬರಿಗೊಬ್ಬರು ಹೇಳದೆಯೇ, ನಿರ್ಧಾರ ಮಾಡಿದ್ದೆವು. ನೀರು ಬಂದ ದಿನ ಎಲ್ಲ ಕೊಡ ತುಂಬುವುದು, ಓಣಿಯವರ ಸೀಮಂತಕ್ಕೆ ಹೋಗುವುದು, ಹಪ್ಪಳ ಒಣ ಹಾಕುವುದು. ಎಲ್ಲಕ್ಕಿಂತ ಹೆಚ್ಚು, ರೊಟ್ಟಿ. ಗಿರಿಜಾ ಬೆಳಿಗ್ಗೆ ಮೊದಲ ಬಸ್ಸಿಗೆ ಮುಂಚೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಪಕ್ಕದ ಮನೆಗೂ ಕೇಳುತ್ತಿತ್ತು. ಅಲ್ಲಿಯ ಶಾಂತವ್ವ ಅದನ್ನು ಕೇಳಿಯೇ ಏಳುತ್ತಿದ್ದಳು, ಗಡಿಯಾರ ನೋಡುತ್ತಿರಲಿಲ್ಲ. ಆ ಸಪ್ಪಳ ನಿಂತರೆ ಮನೆಯೇ ನಿಂತಂತೆ ಎಂದು ನನಗೆ ಅನಿಸಿತ್ತು. ಹಾಗಾಗಿ ಬಡಿಯಲು ಕೂತೆ. ನನ್ನ ರೊಟ್ಟಿಗೆ ಯಾವ ಆಕಾರವೂ ಇರಲಿಲ್ಲ, ಆದರೆ ಸಪ್ಪಳ ಮಾತ್ರ ಅವಳದಕ್ಕಿಂತ ಜೋರಾಗಿತ್ತು. ನಾನು ಏಳುವುದಕ್ಕಿಂತ ಮುಂಚೆ ಸುಮಾ ಎದ್ದು ಹಿಟ್ಟು ನಾದಿ ಇಡುತ್ತಿದ್ದಳು. ಮರುದಿನ ಅವಳಿಗಿಂತ ಮುಂಚೆ ನಾನು ಏಳುತ್ತಿದ್ದೆ. ಅಂಗೈ ತುಂಬ ಬೊಬ್ಬೆ. ಅಂಗಡಿಯಲ್ಲಿ ಸೀರೆ ಹರವಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದೆ. ಒಬ್ಬ ಹೆಣ್ಣುಮಗಳು ಕೇಳಿಯೇಬಿಟ್ಟಳು: "ಕಾಕಾ, ಸೀರಿ ತೋರಸ್ತೀರೋ, ಹೊಚಗೊಂಡ ಮಲಗ್ತೀರೋ?"

ಇಂಥ ದಿನಗಳಲ್ಲಿ ಒಂದು ಸಂಜೆ ಊಟದ ನಡುವೆ ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿತು.

ಸುಮಾ ಮರುದಿನವೇ ಹೊಸದು ತಂದು ಹಾಕಿದಳು. ಒಳ್ಳೆಯ ದೀಪವೇ. ಆದರೆ ಬಹಳ ಬೆಳಕು. ಒಲೆಯ ಹಿಂದಿನ ಗೋಡೆಯ ಮಸಿ, ಮೂಲೆಯ ಜೇಡನ ಬಲೆ ಎಲ್ಲ ಎದ್ದು ಬಂದವು. ಎದುರಿಗೆ ಕೂತ ಮಗಳ ಕಣ್ಣಿನ ಕೆಳಗೆ ಕಪ್ಪಾಗಿದ್ದದ್ದು ಅವತ್ತೇ ನನಗೆ ಕಂಡದ್ದು. ಅವಳಿಗೆ ನನ್ನಲ್ಲಿ ಏನು ಕಂಡಿತೋ. "ಹಳೇದನ್ನ ಒಗದು ಬಿಡೂಣಪಾ" ಎಂದಳು, ನನ್ನ ಮುಖ ನೋಡದೆ. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅಂಗಡಿಗೆ ಒಯ್ಯುವುದು, ಮನೆಗೆ ತರುವುದು, ಹೀಗೆ ಅದನ್ನು ಹೊತ್ತು ತಿರುಗಿದೆ. ಯಾರಾದರೂ ನೋಡಿ, ಇದು ಮುಗಿಯಿತು ಎಂದರೆ ಮುಗಿದುಹೋಗುತ್ತಿತ್ತು. ನೋಡುವ ತನಕ ಮುಗಿದಿರಲಿಲ್ಲ.

ಆದರೆ ಆ ಗೂಡಂಗಡಿಯ ಮುಂದೆ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ಅಂಗಡಿಯ ರಜೆಯ ದಿನ ತಾರಿಹಾಳದ ಬಸ್ಸು ಹತ್ತಿದೆ.

ಗಿರಿಜಾಳ ಮೇಜಿನಲ್ಲಿ ಈಗ ರೇಣುಕಾ ಕೂರುತ್ತಾಳೆ. ಇಬ್ಬರೂ ಬಹಳ ವರ್ಷ ಪಕ್ಕಪಕ್ಕದಲ್ಲಿ ಕೆಲಸ ಮಾಡಿದವರು. ಅವಳನ್ನು ಅಕ್ಕ ಎನ್ನುತ್ತಿದ್ದ ರೇಣುಕಾ ನನ್ನನ್ನು ಮಾಮಾರ ಎನ್ನುತ್ತಾಳೆ. "ಬರ್ರಿ ಮಾಮಾರ" ಎಂದು ಸ್ಟೂಲು ಒರೆಸಿ ಕೊಟ್ಟಳು. ದೀಪ ನೋಡಿದ ಕೂಡಲೇ, "ಇದು ಅಕ್ಕನ ಕೈದು" ಎಂದಳು. ಮುಚ್ಚಳ ತೆಗೆದಳು. ಒಂದು ಚುಕ್ಕೆಯ ನಡುವೆ ಸಾಸಿವೆಯಷ್ಟು ಕಪ್ಪಾಗಿತ್ತು.

"ಒಂದ ಹೋಗೇತ್ರಿ. ಎಲ್ಲಾ ಒಂದ ಸಾಲಿನ್ಯಾಗ ಅದಾವಲ್ಲ, ಒಂದು ಹೋದ್ರ ಎಲ್ಲಾಕೂ ದಾರಿ ಕಡದಂಗ. ಉಳಿದಾವೆಲ್ಲ ಛಲೋ ಅದಾವು."

"ಖರೇ ಹೇಳ್ತಿಯೇನವಾ?"

"ಸುಳ್ಳ್ಯಾಕ ಹೇಳ್ಲಿರಿ? ಅದನ್ನ ತಗದು ಹೊಸಾದು ಕೂಡಿಸಿದ್ರ ಆತು."

ಡಬ್ಬಿಯಿಂದ ಒಂದು ಹೊಸ ಚುಕ್ಕೆ ತೆಗೆದು, ಎರಡು ಸೂಜಿಯಂಥ ತಂತಿ ಮುಟ್ಟಿಸಿ ಹೊತ್ತಿಸಿದಳು. ಅದೇ ತಂತಿಯಿಂದ ಹಳೆಯದೊಂದನ್ನೂ ಹೊತ್ತಿಸಿದಳು. ಅವಳು ಕೇಳುವ ಮೊದಲೇ ನನ್ನ ಬಾಯಿಂದ ಬಂತು: "ಹೊಂದಂಗಿಲ್ಲ ಬಿಡವಾ. ಲಾಟ್ ಬ್ಯಾರೆ ಐತಿ." ಸೀರೆಗೆ ಜಂಪರಿನ ಬಟ್ಟೆ ಬೇರೆ ಲಾಟಿನಿಂದ ಹರಿದರೆ ಹೀಗೆಯೇ. ಹೆಸರು ಅದೇ ಇರುತ್ತದೆ, ಪಕ್ಕದಲ್ಲಿ ಇಟ್ಟರೆ ಜಗಳ ಆಡುತ್ತದೆ. ಹಳೆಯ ಚುಕ್ಕೆ ಉರಿದು ಉರಿದು ಸ್ವಲ್ಪ ಮಾಗಿತ್ತು.

ರೇಣುಕಾ ನಕ್ಕಳು. "ಅಕ್ಕನೂ ಹಿಂಗ ಅಂತಿದ್ಲು ನೋಡ್ರಿ. ಹೊಸ ಮಾಲು ಬಂದ್ರ ಬಣ್ಣ ನೋಡಿ ಬ್ಯಾರೆ ಬ್ಯಾರೆ ಮಾಡಾಕಿ ಆಕಿನ. ಇದು ಸಕ್ರಿ ಬಿಳಿ, ಇದು ಮೊಸರ ಬಿಳಿ, ಇದು ಕೆನಿ. ನಾವೆಲ್ಲ ಈಗೂ ಹಂಗ ಅಂತೇವಿ."

ಗೋಡೆಯ ಪಕ್ಕ ಸಾಲಾಗಿ ಇಟ್ಟ ಡಬ್ಬಿಗಳ ಮೇಲೆ ಅಂಟಿಸಿದ್ದ ಚೀಟಿಗಳನ್ನು ಅವಳು ತೋರಿಸಿದಳು. ಮೊಸರ ಬಿಳಿ. ಸಕ್ರಿ ಬಿಳಿ. ಕೆನಿ. ಅವು ನನ್ನ ಮಾತುಗಳು. ಗಾದಿಯ ಮೇಲೆ ಕೂತು ಹೆಣ್ಣುಮಕ್ಕಳಿಗೆ ನಾನು ಹೇಳುವ ಬಣ್ಣಗಳು. ಮನೆಯಲ್ಲಿ ಯಾವಾಗಲೋ ಊಟ ಮಾಡುವಾಗ ಹೇಳಿದ್ದಿರಬೇಕು. ನಾನು ಕೂಡ ಅವಳಿಗೆ ಏನಾದರೂ ಕಲಿಸಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಆ ಚೀಟಿಗಳನ್ನೇ ಓದುತ್ತ ಕೂತೆ. ರೇಣುಕಾ ಚಹಾ ತರಲು ಹೋದಳು. ಅದು ಅವಳ ದೊಡ್ಡ ಮನಸ್ಸು.

ಬಂದ ಮೇಲೆ ಎರಡನೆಯ ದಾರಿ ಹೇಳಿದಳು. ಸತ್ತ ಚುಕ್ಕೆಯ ಮೇಲೆ ಬೆಸುಗೆಯ ಒಂದು ಹನಿ ಹಾಕಿ, ಈಚೆಯಿಂದ ಆಚೆಗೆ ಸೇತುವೆ ಮಾಡುವುದು. ಅದು ಉರಿಯುವುದಿಲ್ಲ, ಉಳಿದ ಇಪ್ಪತ್ತಮೂರು ಉರಿಯುತ್ತವೆ.

ನನಗೆ ಒಂದೇ ಭಯ. "ಆ ಒಂದರ ಭಾರ ಉಳಿದಾವರ ಮ್ಯಾಲ ಬೀಳತೈತಲ್ಲ? ಅವೂ ಲಗೂ ಹೋದ್ರ?"

"ಅಡಾಪ್ಟರ್ ಇದ್ರ ಬೀಳತಿತ್ತು. ಅದು ವೋಲ್ಟ್ ಒಂದ ಹಿಡಕೊಂಡು ಕುಂದರತೈತಿ. ಒಂದು ಕಡಿಮಿ ಆದ್ರ ಅದರ ಪಾಲೂ ಉಳಿದಾವರಿಗೆ ಹಂಚಿಬಿಡತೈತಿ, ಅವು ತಡೀಲಾರದ ಸುಡತಾವು. ಇದು ಡ್ರೈವರ್‌ರಿ ಮಾಮಾರ, ಅಕ್ಕ ಆರಿಸಿದ್ದು. ಇದು ಕರೆಂಟ್ ಹಿಡಕೊಂಡಿರತೈತಿ. ಮೊದಲ ಎಷ್ಟು ಕೊಡತಿತ್ತೋ ಅಷ್ಟ ಕೊಡತೈತಿ. ಯಾವುದಕ್ಕೂ ಹೆಚ್ಚಿಲ್ಲ."

ಕಡ್ಡಿ ಮುಟ್ಟಿಸಿದಳು. ಒಂದು ಎಳೆ ಹೊಗೆ ಎದ್ದಿತು. ಆ ವಾಸನೆ. ದೀಪ ಹೊತ್ತಿತು. ಮೀಟರ್ ಹಚ್ಚಿ ತೋರಿಸಿದಳು: ಚುಕ್ಕೆಗಳ ಸಾಲಿಗೆ ಮೊದಲು ಎಪ್ಪತ್ತೆರಡು ವೋಲ್ಟು ಹೋಗುತ್ತಿತ್ತು, ಈಗ ಅರವತ್ತೊಂಬತ್ತು. ಕರೆಂಟು ಅದೇ. ಏಳು ವ್ಯಾಟಿನ ಮೇಲೆ ಇದ್ದದ್ದು ಏಳರ ಕೆಳಗೆ ಬಂದಿತ್ತು, ಕೂದಲಷ್ಟು.

"ಉಳಿದ ಆ ವ್ಯಾಟ್ ಎಲ್ಲಿ ಹೋತು?" ಎಂದೆ.

"ಎಲ್ಲೂ ಹೋಗಿಲ್ರಿ. ಅದರ ಪಾಲಿಂದು ಅದರ ಜೋಡಿ ಹೋತು," ಎಂದಳು ರೇಣುಕಾ. ಮುಚ್ಚಳ ಒತ್ತಿ ಕೂಡಿಸಿ, ಸೆರಗಿನಿಂದ ಒರೆಸಿ ಕೊಟ್ಟಳು.

ಸಂಜೆ ಹೊಸ ದೀಪ ತೆಗೆದು ಇದನ್ನು ಹಾಕಿದೆ. ಸುಮಾ ಕಚೇರಿಯಿಂದ ಬಂದವಳು ಬಾಗಿಲಲ್ಲೇ ನಿಂತು ಮೇಲೆ ನೋಡಿದಳು. ಕೈಕಾಲು ತೊಳೆದು ಬಂದು, ಸೀದಾ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಜೋಳದ ಹಿಟ್ಟು ಅಳೆಯತೊಡಗಿದಳು. ಬೆಳಗಿನದು ಸಾಲಲಿಲ್ಲವೆಂದು ಸಂಜೆಗೂ ಬಡಿಯುವ ರೂಢಿಯಾಗಿತ್ತು. ನಾನು ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ. "ನಾ ಮಾಡ್ತೇನಪಾ, ನೀ ಕೂಡು." "ನಿನಗ ದಣಿವಾಗೇತಿ, ನೀ ಕೂಡು." ದಿನದ ಜಗಳ. ಅದನ್ನು ನಿಲ್ಲಿಸಲಿಕ್ಕೆಂದೇ ರೇಣುಕಾ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ: ಅಡಾಪ್ಟರ್ ಆದರೆ ಹೇಗೆ, ಡ್ರೈವರ್ ಆದರೆ ಹೇಗೆ, ಯಾವುದು ಯಾವುದಕ್ಕೆ ಭಾರ ಹಂಚುತ್ತದೆ. ಸುಮಾ ಕೇಳಿಸಿಕೊಂಡಳು. ನನ್ನ ಅಂಗೈ ತಿರುಗಿಸಿ ಬೊಬ್ಬೆ ನೋಡಿದಳು. ತನ್ನದನ್ನೂ ನೋಡಿಕೊಂಡಳು.

"ಹಂಗಾರ ನಮ್ಮ ಮನ್ಯಾಗ ಇಷ್ಟು ದಿವಸ ಅಡಾಪ್ಟರ್ ಇತ್ತೇನಪಾ?"

ನಾನು ನಕ್ಕೆ. ಅವಳೂ ನಕ್ಕಳು, ಆಮೇಲೆ ಅತ್ತಳು. ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡಳು, ಮುಖವೆಲ್ಲ ಬೆಳ್ಳಗಾಯಿತು. ಡಬ್ಬಿಯ ಮುಚ್ಚಳ ನಾನೇ ಹಾಕಿದೆ. ಅವತ್ತು ಅನ್ನ ಉಂಡೆವು.

ಈಗ ರೊಟ್ಟಿಯನ್ನು ಹೊರಗಿನಿಂದ ತರುತ್ತೇವೆ. ಮೊಬೈಲ್ ಗೂಡಂಗಡಿ ದಾಟಿದರೆ ಎರಡನೆಯ ಸಂದಿಯಲ್ಲಿ ಒಬ್ಬಾಕೆ ಬಡಿದು ಮಾರುತ್ತಾಳೆ. ತೆಳ್ಳಗೆ, ದುಂಡಗೆ, ನನ್ನವುಗಳನ್ನು ನಾಚಿಸುವಂತಿರುತ್ತವೆ. ಗೂಡಂಗಡಿಯಿಂದ ಹೊಗೆಯ ವಾಸನೆ ಬಂದ ದಿನ ರೊಟ್ಟಿಯ ಪೊಟ್ಟಣ ಹಿಡಿದು ಸ್ವಲ್ಪ ನಿಲ್ಲುತ್ತೇನೆ. ಅಂಗಡಿಯವನು ಈಗ ಏನೂ ಕೇಳುವುದಿಲ್ಲ. ನೀರು ನಾನು ತುಂಬುತ್ತೇನೆ, ಅಡಿಗೆ ಸುಮಾಳದು. ಹಪ್ಪಳ ಈ ಸಲ ಹಾಕಲಿಲ್ಲ. ಇಳಕಲ್ ಸೀರೆಯನ್ನು ಅವಳು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ, ನಿರಿಗೆಯ ಮಡಿಕೆ ಬಿಚ್ಚದೆ.

ರೊಟ್ಟಿ ಬಡಿಯದ ಮೊದಲ ಬೆಳಿಗ್ಗೆ ಪಕ್ಕದ ಮನೆಯ ಶಾಂತವ್ವ ಬಾಗಿಲಿಗೆ ಬಂದಿದ್ದಳು. ಹೊರಗೆ ಇನ್ನೂ ನಸುಗತ್ತಲಿತ್ತು. "ಯಾಕ್ರಿ ಅಣ್ಣಾರ, ಆರಾಮ ಅದೀರಿಲ್ಲ? ಇವತ್ತು ಸಪ್ಪಳ ಕೇಳಲಿಲ್ಲ, ಏಳೂದು ತಡಾ ಆತು ನೋಡ್ರಿ."

"ಆರಾಮ ಅದೇವ್ರಿ," ಎಂದೆ. "ಇನ್ ಮ್ಯಾಲ ಸಪ್ಪಳ ಇರಂಗಿಲ್ಲ. ಒಂದ್ ಗಡಿಯಾರ ಇಟ್ಕೋರಿ."

ಬಾಗಿಲು ಮುಂದೆ ಮಾಡಿ ಒಳಗೆ ಬಂದು ದೀಪ ಹಾಕಿದೆ. ಒಂದು ಚುಕ್ಕೆ ಕಪ್ಪಗಿದೆ. ಉಳಿದವು ಎಂದಿನಷ್ಟೇ ಉರಿಯುತ್ತವೆ.